ಎರಡು ಗೀರಿನ ಹಕ್ಕಿ

ಚಿತ್ರ ಬಾರದವರೂ ಬಿಡಿಸುವ ಚಿತ್ರ ಒಂದಿದೆ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲೊಂದು ಗುಡಿಸಲು. ಇಷ್ಟಾದ ಮೇಲೂ ಏನೋ ಸಪ್ಪೆ ಅನಿಸುತ್ತದೆ. ಆಗ ಆಕಾಶಕ್ಕೆ ನಾಲ್ಕೈದು ಹಕ್ಕಿ ಸೇರುತ್ತವೆ. ಒಂದೊಂದಕ್ಕೂ ಎರಡೇ ಗೀರು. ಕಣ್ಣಿಲ್ಲ, ಕೊಕ್ಕಿಲ್ಲ, ಕಾಲಿಲ್ಲ. ಆದರೂ ಹಾಳೆ ಉಸಿರಾಡತೊಡಗುತ್ತದೆ. ಭರವಸೆ ಇಷ್ಟು ಅಗ್ಗವಾಗಿ ಬೇರೆಲ್ಲೂ ಸಿಗುವುದಿಲ್ಲ.

ದೊಡ್ಡ ಕಲಾವಿದರು ಮಾತ್ರ ಇಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ನೋಡಿ. ಅಲ್ಲಿ ಭರವಸೆಯ ಹೆಸರು ಹೊತ್ತ ಚಿತ್ರವೇ ಇದೆ, ಎಸ್.ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಂಗಸು. ಅದನ್ನು ರವಿವರ್ಮನದೇ ಅಂದುಕೊಂಡು ಮನೆಗೆ ಹೋಗುವವರು ಜಾಸ್ತಿ. ಆಕೆ ದೀಪಕ್ಕೆ ಅಂಗೈ ಮರೆ ಮಾಡಿದ್ದಾಳೆ, ಬೆರಳುಗಳ ಸಂದಿಯಿಂದ ಕೆಂಪು ಬೆಳಕು ಸೋರುತ್ತಿದೆ. ಗಾಳಿ ಬಂದರೆ ಕಷ್ಟ. ಹಕ್ಕಿಗಾದರೋ ಗಾಳಿ ಬಂದರೇ ಒಳ್ಳೆಯದು.

ಅದೇ ಅರಮನೆಯಲ್ಲಿ ಹಕ್ಕಿಯೂ ಇದೆ, ರವಿವರ್ಮನ ಜಟಾಯು. 1906ರ ಚಿತ್ರ. ರಾವಣನ ಕತ್ತಿ ಬಿದ್ದು ರೆಕ್ಕೆ ಕತ್ತರಿಸಿಹೋಗಿದೆ. ಸೀತೆ ನೋಡಲಾಗದೆ ಮುಖ ಮುಚ್ಚಿಕೊಂಡಿದ್ದಾಳೆ. ನೋಡಿದವರಿಗೆ ಎದೆ ಒಡೆಯಬೇಕು. ಆದರೆ ಮುಂದಿನ ಕತೆ ನಮಗೆ ಗೊತ್ತಲ್ವಾ? ರಾಮನಿಗೆ ಸೀತೆಯ ಸುದ್ದಿ ಹೇಳುವುದು ಹಾರಲಾಗದೆ ನೆಲಕ್ಕೆ ಬಿದ್ದ ಇದೇ ಹಕ್ಕಿ.

ನಮ್ಮ ಗಂಡಭೇರುಂಡದ ವಿಷಯ ಬೇರೆ. ರೆಕ್ಕೆಯೇನೋ ಭರ್ಜರಿಯಾಗಿ ಬಿಚ್ಚಿದೆ. ಆದರೆ ಎರಡು ತಲೆ ಎರಡು ದಿಕ್ಕಿಗೆ ತಿರುಗಿದ್ದರೆ ಹಾರುವುದಾದರೂ ಯಾವ ಕಡೆಗೆ? ಸರ್ಕಾರಿ ಬಸ್ಸಿನ ಮೇಲೆ ಕೂತು ಊರೂರು ಸುತ್ತುತ್ತದೆ, ಅಷ್ಟೇ.

ಪಿಕಾಸೋನ ಶಾಂತಿ ಪಾರಿವಾಳದ ಕತೆಯೂ ಹೀಗೆಯೇ. 1949ರಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದ ಪೋಸ್ಟರಿಗೆ ಹೋದ ಆ ಬಿಳಿ ಹಕ್ಕಿ ಹಾರುತ್ತಿರಲಿಲ್ಲ. ನೆಲದ ಮೇಲೆ ಸುಮ್ನೆ ಇತ್ತು. ಅದನ್ನು ಹಾರಿಸಿದ್ದು ಆಮೇಲೆ.

ಇಷ್ಟಕ್ಕೂ ಆ ಎರಡು ಗೀರಿನ ಹಕ್ಕಿಗಳು ಹೋಗುತ್ತಿವೆಯೋ, ಬರುತ್ತಿವೆಯೋ? ಮುಖವೇ ಇಲ್ಲದ ಮೇಲೆ ಹೇಗೆ ಹೇಳುವುದು? ಹಾರುವುದು ಅಂದರೆ ಬಿಟ್ಟು ಹೋಗುವುದು ಅಂತ ನಾವು ಸಲೀಸಾಗಿ ತಿಳಿಯುತ್ತೇವೆ. ಪಂಜರ, ಬಿಡುಗಡೆ, ನೀಲಿ ಆಕಾಶ. ಗ್ರೀಟಿಂಗ್ ಕಾರ್ಡುಗಳು ಇದನ್ನು ಸವೆಸಿ ಸವೆಸಿ ಇಟ್ಟಿವೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಇದನ್ನು ಒಪ್ಪಲಾರರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಪ್ರತಿವರ್ಷ ಅಲ್ಲಿಗೆ ಬಂದು, ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಕರೆಯುತ್ತಾರೆ. ಗೂಡಿರುವ ಹುಣಸೆಮರದ ಫಸಲನ್ನೂ ಬಿಟ್ಟುಕೊಟ್ಟವರಿದ್ದಾರೆ. ಅವು ಬಂದರೆ ಮಳೆ ಬೆಳೆ ಚೆನ್ನಾಗಿರುತ್ತದೆ ಅನ್ನುವುದು ಅವರ ನಂಬಿಕೆ. ನನಗಂತೂ ಬಿಟ್ಟುಹೋಗುವ ಹಕ್ಕಿಗಿಂತ ಈ ಬರುವ ಹಕ್ಕಿಯೇ ಹೆಚ್ಚು ಇಷ್ಟ.

ಒಂದೇ ತಕರಾರು, ಮೀನಿನ ವಾಸನೆ. ಮರದ ಕೆಳಗೆ ನಿಲ್ಲುವವರು ತಲೆಯ ಮೇಲೂ ಸ್ವಲ್ಪ ನಿಗಾ ಇಡಬೇಕು. ಊರವರು ಮಾತ್ರ ಆ ಹಿಕ್ಕೆಯನ್ನೂ ಗುಡಿಸಿ ಗದ್ದೆಗೆ ಗೊಬ್ಬರ ಮಾಡುತ್ತಾರೆ.