ಜೋಳದ ನಡುವೆ ಸಾರಿನ ಸಾಲು

ಮಳೆಗಾಲದಲ್ಲಿ ಗೌರಿಬಿದನೂರು ಕಡೆ ಹೋದರೆ ಎಲ್ಲಿ ನೋಡಿದರೂ ಮುಸುಕಿನ ಜೋಳ. ಆಳೆತ್ತರ, ಕಡು ಹಸಿರು, ನೋಡೋಕೆ ಚೆಂದ. ಆದರೆ ಅಷ್ಟು ಬೆಳೆದರೂ ಮನೆಯ ಸಾರಿಗೆ ಬೀಳುವಂಥದ್ದು ಅದರಲ್ಲಿ ಏನೂ ಇಲ್ಲ. ಎಳೆ ತೆನೆ ನಾಲ್ಕು ಸುಟ್ಟುಕೊಂಡು ತಿಂದರೆ ಮುಗಿಯಿತು. ಉಳಿದದ್ದು ಹೆಚ್ಚಾಗಿ ಕೋಳಿ ಮೇವಿಗೆ. ಮಾರಿ ಬಂದ ದುಡ್ಡಲ್ಲೇ ಅಂಗಡಿಗೆ ಹೋಗಿ ಬೇಳೆ ತರಬೇಕು.

ಅದಕ್ಕೇ ನನಗೆ ಅಕ್ಕಡಿ ಸಾಲು, ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಬೇರೆ ಬೆಳೆಯ ಸಾಲು, ಕಂಡರೆ ಖುಷಿ. ನಮ್ಮ ಸೀಮೆಯ ರಾಗಿ ಹೊಲಕ್ಕೆ ಅವರೆ, ತೊಗರಿ, ಹುಚ್ಚೆಳ್ಳು ಹೊಸದೇನಲ್ಲ. ಜೋಳದಲ್ಲೂ ಸಾಲಿಂದ ಸಾಲಿಗೆ ಎರಡು ಅಡಿ ಜಾಗ ಇರುತ್ತದೆ. ಸುಮ್ನೆ ಬಿಟ್ಟರೆ ಕಳೆ ಬರುತ್ತದೆ, ಅಲಸಂದೆ ಹಾಕಿದರೆ ಅಲಸಂದೆ ಬರುತ್ತದೆ. ನಾಟಿ ಅವರೆಯಂತೂ ಜಾಣ. ಹಗಲು ಕುಗ್ಗುವವರೆಗೆ ಅದು ಹೂವೇ ಬಿಡುವುದಿಲ್ಲ. ಜೂನ್‌ನಲ್ಲಿ ಬಿತ್ತಿದರೂ ಅವಸರವಿಲ್ಲದೆ ಜೋಳದ ಕಡ್ಡಿ ತಬ್ಬಿಕೊಂಡು ಕೂತಿರುತ್ತದೆ. ತೆನೆ ಮುರಿದ ಮೇಲೆ ಬಿಸಿಲೆಲ್ಲ ಅದರದ್ದೇ. ಚಳಿ ಬಿದ್ದಾಗ ಸೊಗಡು ಕಾಯಿ.

ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣು ಸಮೇತ ಎತ್ತಿ ನೋಡಿ. ಬೇರಿಗಂಟಿದ ಸಣ್ಣ ಗಂಟುಗಳನ್ನು ಉಗುರಲ್ಲಿ ಚಿವುಟಿದರೆ ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಒಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಅದನ್ನು ಪಕ್ಕದ ಜೋಳಕ್ಕೆ ಧಾರಾಳವಾಗಿ ಹಂಚುತ್ತದೆ ಅನ್ನುವುದು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಅದೇ ವರ್ಷ ಜೋಳಕ್ಕೆ ಸಿಗುವುದು ಕಮ್ಮಿ. ಉದುರಿದ ಎಲೆ, ಬೇರು ಕೊಳೆತು ಮುಂದಿನ ಬೆಳೆಗೆ ಆಗುತ್ತದೆ. ಜೋಳ ಹೊಟ್ಟೆಬಾಕ, ಅದಕ್ಕೆ ಗೊಬ್ಬರ ಕೊಡಲೇಬೇಕು.

ಇಷ್ಟಿದ್ದೂ ಅಕ್ಕಡಿ ಯಾಕೆ ಕಮ್ಮಿ? ಕಳೆ ಕೀಳೋಕೆ ಆಳು ಸಿಗೋಲ್ಲ, ಅಟ್ರಜಿನ್ ಅನ್ನುವ ಕಳೆ ಔಷಧಿ ಸಿಗುತ್ತದೆ. ಅದನ್ನು ಹೊಡೆದರೆ ಜೋಳಕ್ಕೆ ಏನೂ ಆಗುವುದಿಲ್ಲ, ಅವರೆ ಮೊಳಕೆ ಸುಟ್ಟುಹೋಗುತ್ತದೆ. ಯಾವುದು ಕಳೆ, ಯಾವುದು ಸಾರು ಅಂತ ಔಷಧಿಗೆ ಗೊತ್ತಾಗಬೇಕಲ್ಲ!

"ಬಳ್ಳಿ ಸುತ್ಕೊಂಡ್ರೆ ತೆನೆ ಮುರಿಯೋದು ಕಷ್ಟ ಕಣೇ, ಈ ಸಲ ಅಕ್ಕಡಿ ಬ್ಯಾಡ" ಎಂದರು ಚಿಕ್ಕಪ್ಪ.

"ಸರಿ, ಹಿದುಕಿದ ಬೇಳೆ ಸಾರೂ ಬ್ಯಾಡ ಅನ್ನಿ" ಎಂದರು ಚಿಕ್ಕಮ್ಮ.

ಕೊನೆಗೆ ಬದುವಿನ ಪಕ್ಕದ ನಾಲ್ಕು ಸಾಲಿಗೆ ಔಷಧಿ ಹೊಡೆಯುವುದಿಲ್ಲ ಎಂದು ರಾಜಿಯಾಯಿತು. ಆ ನಾಲ್ಕು ಸಾಲಿನ ಕಳೆ ಯಾರು ಕೀಳಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.