ಹೊಸ ವರ್ಷನ್ ಬಂತಂತೆ, ಹಳೇದರ ಗತಿ ಏನು?

ಟೆಕ್ ಸುದ್ದಿ ಓದೋದು ನನಗೊಂದು ಚಟ. ಬೆಳಿಗ್ಗೆ ಚಹಾ ಜೊತೆ ಅದೂ ಬೇಕು. ಬೆಂಗಳೂರು, ಹೈದರಾಬಾದ್‌ನಲ್ಲಿರೋ ಗೆಳೆಯರು ಗ್ರೂಪ್‌ನಲ್ಲಿ ದಿನಾ ಏನಾದರೂ ಹಾಕುತ್ತಲೇ ಇರುತ್ತಾರೆ. ಹೊಸ ಎಐ ಮಾಡೆಲ್ ಬಂತು, ಹೊಸ ಫ್ರೇಮ್‌ವರ್ಕ್ ಬಂತು, ಇನ್ನು ಮೇಲೆ ಕೋಡ್ ಬರೆಯೋರೇ ಬೇಕಿಲ್ಲವಂತೆ. ಖುಷಿಯಿಂದಲೇ ಓದುತ್ತೇನೆ. ಆದರೆ ನಾನು ಕಲಬುರಗಿಯಲ್ಲಿ ಕೂತು ಗಂಜ್‌ನ (ದವಸದ ಮಾರುಕಟ್ಟೆ) ಅಡತಿ (ಕಮಿಷನ್ ಏಜೆಂಟ್) ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವನು. ಹಾಗಾಗಿ ಏನು ಬಂತು ಅನ್ನೋದಕ್ಕಿಂತ ಏನನ್ನು ನಿಲ್ಲಿಸಿದರು ಅನ್ನೋದನ್ನೇ ಮೊದಲು ಹುಡುಕುತ್ತೇನೆ. ಸಾಮಾನ್ಯವಾಗಿ ಅದು ಸುದ್ದಿಯ ಕೊನೇ ಸಾಲಿನಲ್ಲಿ ಎಲ್ಲೋ ಅಡಗಿ ಕೂತಿರುತ್ತದೆ.

2025ರ ದೊಡ್ಡ ಟೆಕ್ ಸುದ್ದಿ ಯಾವುದು ಅಂತ ನನ್ನ ಕೇಳಿದರೆ, ಎಐ ಹೆಸರು ಹೇಳಲ್ಲ. 2025ರ ಅಕ್ಟೋಬರ್ 14 ಅನ್ನುತ್ತೇನೆ. ಅವತ್ತು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿತು. ಬೆಂಗಳೂರಿನ ಐಟಿ ಕಂಪನಿಯಲ್ಲಿ ಇದು ಸುದ್ದಿಯೇ ಅಲ್ಲ, ಅವರಿಗೆ ಕಂಪನಿಯೇ ಹೊಸ ಲ್ಯಾಪ್‌ಟಾಪ್ ಕೊಡುತ್ತದೆ. ಗಂಜ್‌ನಲ್ಲಿ ಹಾಗಲ್ಲ.

ಒಂದು ಅಂಗಡಿಯ ಕಥೆ ಹೇಳುತ್ತೇನೆ. ಗಾದಿ ಪಕ್ಕದಲ್ಲೇ ಕಂಪ್ಯೂಟರ್. ಸಿಪಿಯು ಡಬ್ಬಿ ಬಿಚ್ಚಿದರೆ ಒಳಗೆಲ್ಲ ತೊಗರಿ ಧೂಳು, ಫ್ಯಾನ್ ಮೇಲೆ ದಪ್ಪಗೆ ಕೂತಿರುತ್ತದೆ. ಬ್ರಷ್ ಹಾಕಿದರೆ ಅರ್ಧ ಗಂಟೆ ಸೀನು ನಿಲ್ಲಲ್ಲ. ಇಂಟೆಲ್‌ನ ಹಳೇ 4ನೇ ಜನರೇಶನ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಕೀಬೋರ್ಡ್‌ನಲ್ಲಿ ಎಂಟರ್ ಮತ್ತು ನಂಬರ್ ಕೀಗಳ ಮೇಲಿನ ಅಕ್ಷರ ಅಳಿಸಿಹೋಗಿವೆ, ಮಿಕ್ಕಿದ್ದೆಲ್ಲ ಹೊಸದರ ಹಾಗೇ ಇವೆ. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ರೈತನ ಪಟ್ಟಿ, ಅಂದರೆ ಮಾಲಿನ ಲೆಕ್ಕದ ಚೀಟಿ, ಕಾರ್ಬನ್ ಇಟ್ಟು ಒಂದೇ ಏಟಿಗೆ ಮೂರು ಪ್ರತಿ ಬರಬೇಕು. ಲೇಸರ್ ಪ್ರಿಂಟರ್‌ನಲ್ಲಿ ಅದು ಆಗುವ ಕೆಲಸವಲ್ಲ.

ಆ ಅಂಗಡಿ ಸಾವಕಾರರಿಗೆ ವಿಷಯ ಹೇಳಿದೆ. "ಸಾವ್ಕಾರ್ರೆ, ಇದಕ್ಕ ಇನ್ನ ಅಪ್‌ಡೇಟ್ ಬರಂಗಿಲ್ಲರೀ."

"ಬರ್ಲಿಲ್ಲಂದ್ರ ಛಲೋನೇ ಆತಲ್ಲೋ ತಮ್ಮಾ. ಅದು ಬಂದಾಗೊಮ್ಮಿ ಅರ್ಧಾ ತಾಸು ಧಂದಾ ಬಂದ್ ಬೀಳ್ತದ."

ನಗು ಬಂತು. ಆದರೆ ಅವರ ಮಾತು ತೆಗೆದುಹಾಕೋ ಹಾಗಿಲ್ಲ. ಅಪ್‌ಡೇಟ್ ಅಂದರೆ ಅವರಿಗೆ ಕಂಡಿರೋದು ನೀಲಿ ಪರದೆ, ಸುತ್ತುವ ಚುಕ್ಕೆಗಳು, ಎದುರಿಗೆ ಪಟ್ಟಿಗಾಗಿ ಕಾಯುತ್ತಾ ನಿಂತ ರೈತ. ಆ ಅಪ್‌ಡೇಟ್ ಒಳಗೆ ಸೆಕ್ಯುರಿಟಿ ತೇಪೆಯೂ ಇರುತ್ತದೆ ಅನ್ನೋದನ್ನು ಯಾರೂ ಅವರಿಗೆ ಹೇಳಿಲ್ಲ. ಸಪೋರ್ಟ್ ನಿಂತರೆ ಮಷೀನ್ ನಿಲ್ಲಲ್ಲ, ಮೊದಲಿನ ಹಾಗೇ ನಡೆಯುತ್ತದೆ. ಹೊಸದಾಗಿ ಸಿಕ್ಕ ತೂತುಗಳಿಗೆ ತೇಪೆ ಬರಲ್ಲ, ಅಷ್ಟೇ. ಆದರೆ ಅದೇ ಮಷೀನ್‌ನಲ್ಲಿ ಬ್ಯಾಂಕ್ ಲಾಗಿನ್, ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್ ಎಲ್ಲ ಇದೆ. ಭಯ ಇರೋದು ಅಲ್ಲಿ.

ಹಾಗಾದರೆ ವಿಂಡೋಸ್ 11 ಹಾಕಿ ಅಂತೀರಾ? ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದರ ಮೇಲಿನದೇ ಆಗಬೇಕು. ಮಾಹಿತಿಗೆ ಬೀಗ ಹಾಕೋ ರಹಸ್ಯ ಕೀಗಳನ್ನು ಬೇರೆ ಜಾಗದಲ್ಲಿ ಭದ್ರವಾಗಿ ಇಡಬೇಕು ಅನ್ನೋ ಕಾರಣ ಸರಿಯಾಗೇ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಚೆನ್ನಾಗಿ ನಡೆಯುತ್ತಿರೋ ಇಷ್ಟೊಂದು ಮಷೀನ್‌ಗಳನ್ನು ಒಂದೇ ಗೆರೆ ಎಳೆದು ಆಚೆ ಇಟ್ಟಿದ್ದು ನನಗೆ ಒರಟುತನ ಅನ್ನಿಸುತ್ತದೆ. ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿದ್ದಾರೆ, ಅದೂ 2026ರ ಅಕ್ಟೋಬರ್‌ಗೆ ಮುಗಿಯುತ್ತದೆ.

ಈಗ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಸಿಸ್ಟಂ) ಗೆಳೆಯರು ಕಾಮೆಂಟ್‌ಗೆ ಕೈ ಹಾಕಿರುತ್ತಾರೆ, ಗೊತ್ತು. ನಾನೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸೇ ಬಳಸೋದು. ಬರೀ ಬ್ರೌಸರ್ ಬಳಸೋ ಒಂದೆರಡು ಕಡೆ ಹಾಕಿಯೂ ಕೊಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತಿವೆ. ಆದರೆ ಗಂಜ್ ಅಂದರೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ, ಟ್ಯಾಲಿ ಅಂದರೆ ವಿಂಡೋಸ್. ಮತ್ತೆ ಲಿನಕ್ಸ್‌ನವರೂ ಹಳೇದನ್ನು ಕೈಬಿಡಲ್ಲ ಅಂತ ಎದೆ ತಟ್ಟಿಕೊಳ್ಳೋ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅನ್ನೋ ಲಿನಕ್ಸ್‌ನಲ್ಲಿ ಹಳೇ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೇ ಇಲ್ಲ. ಅವರಿಗೂ ಜನ ಕಡಿಮೆ, ಎಷ್ಟು ಅಂತ ಹೊತ್ತಾರು.

ಈ ಗದ್ದಲದ ನಡುವೆ ನನಗೆ ಮನಸಾರೆ ಇಷ್ಟವಾಗೋ ಸಾಫ್ಟ್‌ವೇರ್ ಒಂದಿದೆ. ಎಸ್‌ಕ್ಯೂಲೈಟ್, ಮಾಹಿತಿ ಸೇರಿಸಿಡೋ ಡೇಟಾಬೇಸ್. 2000ದಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ್ದು. ನಿಮ್ಮ ಫೋನ್‌ನಲ್ಲೂ ಇದೆ, ಬ್ರೌಸರ್‌ನಲ್ಲೂ ಇದೆ. ಇಡೀ ಡೇಟಾಬೇಸ್ ಒಂದೇ ಫೈಲ್, ಸರ್ವರ್ ಗಿರ್ವರ್ ಏನೂ ಬೇಡ. ಆ ತಂಡ 2050ರವರೆಗೆ ಇದನ್ನು ನೋಡಿಕೊಳ್ಳುತ್ತೇವೆ ಅಂತ ತಮ್ಮ ಸೈಟ್‌ನಲ್ಲೇ ಬರೆದಿಟ್ಟಿದ್ದಾರೆ. 2050! ಇಲ್ಲಿ ಎರಡು ವರ್ಷದ ಹಿಂದಿನ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್ ತೆರೆದರೆ ಅರ್ಧ ಪ್ಯಾಕೇಜ್‌ಗಳು ಬೈಯುತ್ತವೆ. ನನ್ನ ಎಲ್ಲ ಅಂಗಡಿಗಳ ಲೆಕ್ಕವೂ ಎಸ್‌ಕ್ಯೂಲೈಟ್‌ನಲ್ಲೇ ಇದೆ. ಬ್ಯಾಕಪ್ ಅಂದರೆ ಸಂಜೆ ಅಂಗಡಿ ಮುಚ್ಚೋ ಮೊದಲು ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳೋದು. ಲೆಕ್ಕ ಬರೆಯೋ ಮುನೀಮರಿಗೂ ಅರ್ಥವಾಗೋ ಬ್ಯಾಕಪ್ ಅದೊಂದೇ.

"ಯಾಕೆ ಕ್ಲೌಡ್‌ಗೆ ಹಾಕಿಲ್ಲ?" ಅಂತ, ಅಂದರೆ ನೆಟ್ ಮೂಲಕ ದೂರದ ಸರ್ವರ್‌ನಲ್ಲಿ ಯಾಕೆ ಇಟ್ಟಿಲ್ಲ ಅಂತ, ಹೊಸದಾಗಿ ಪರಿಚಯವಾದ ಪ್ರತಿ ಡೆವಲಪರ್ ಕೇಳುತ್ತಾನೆ. ಕ್ಲೌಡ್ ಬಗ್ಗೆ ದ್ವೇಷ ಇಲ್ಲ. ಆದರೆ 2025ರ ಸುದ್ದಿ ನೆನಪು ಮಾಡಿಕೊಳ್ಳಿ. ಅಕ್ಟೋಬರ್ 20ರಂದು ಅಮೆಜಾನ್‌ನ ವರ್ಜೀನಿಯಾ ಕಡೆಯ ಡೇಟಾ ಸೆಂಟರ್‌ಗಳಲ್ಲಿ ಡೈನಮೋಡಿಬಿ ಅನ್ನೋ ಡೇಟಾಬೇಸ್ ಸೇವೆಯ ವಿಳಾಸ ಹೇಳೋ ಡಿಎನ್‌ಎಸ್ ದಾಖಲೆಯೇ ಖಾಲಿಯಾಯಿತು. ವಿಳಾಸ ನೋಡಿಕೊಳ್ಳೋ ಆಟೋಮೇಷನ್ ಕಾರ್ಯಕ್ರಮಗಳೇ ಒಂದರ ಕೆಲಸದ ಮೇಲೆ ಒಂದು ಕೈಹಾಕಿ ಹಾಗೆ ಮಾಡಿಟ್ಟವು. ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ಮಲಗಿದವು. ಒಂದು ತಿಂಗಳೂ ಆಗಿರಲಿಲ್ಲ, ನವೆಂಬರ್ 18ರಂದು ಎಷ್ಟೋ ವೆಬ್‌ಸೈಟ್‌ಗಳಿಗೆ ಕಾವಲು ಕಾಯೋ ಕ್ಲೌಡ್‌ಫ್ಲೇರ್ ಕಂಪನಿಯ ಸರದಿ. ಡೇಟಾಬೇಸ್ ಪರ್ಮಿಷನ್‌ನಲ್ಲಿ ಒಂದು ಸಣ್ಣ ಬದಲಾವಣೆ. ಅದರಿಂದ ಬಾಟ್‌ಗಳನ್ನು (ಮನುಷ್ಯರ ಬದಲು ಸೈಟ್‌ಗೆ ಬರೋ ಪ್ರೋಗ್ರಾಂಗಳು) ಗುರುತಿಸೋ ಫೈಲ್‌ನಲ್ಲಿ ಸಾಲುಗಳು ಡಬಲ್ ಆದವು. ಓದೋ ಪ್ರೋಗ್ರಾಂನಲ್ಲಿ 200ರ ಮಿತಿ ಇತ್ತು. ಮಿತಿ ದಾಟಿದ ಕೂಡಲೇ ಪ್ರೋಗ್ರಾಂ ಕುಸಿಯಿತು. ಚಾಟ್‌ಜಿಪಿಟಿ, ಎಕ್ಸ್ ಎಲ್ಲ ಅವತ್ತು ಕೈಕೊಟ್ಟವು.

ಅವರನ್ನು ಆಡಿಕೊಳ್ಳೋಕೆ ಹೇಳುತ್ತಿಲ್ಲ. ಎರಡೂ ಕಂಪನಿಗಳು ಏನಾಯಿತು ಅಂತ ಬಿಚ್ಚಿ ಬರೆದವು. ಕ್ಲೌಡ್‌ಫ್ಲೇರ್‌ನವರಂತೂ ಆ ಕೋಡಿನ ಸಾಲನ್ನೇ ತೋರಿಸಿದರು. ಆ ಪ್ರಾಮಾಣಿಕತೆಗೆ ಕೈಮುಗಿಯಬೇಕು. ನನ್ನ ಮಾತು ಇಷ್ಟೇ. ಇಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆದರೂ ರೂಟರ್ ನಡೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ತೊಗರಿ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಸಾಲು ನಿಂತಿರುವಾಗ "ಸರ್ವರ್ ಡೌನ್ ಅದರೀ" ಅಂದರೆ ಹಮಾಲರೂ ನಗುತ್ತಾರೆ. ನೆಟ್ ಇರಲಿ ಬಿಡಲಿ, ಪಟ್ಟಿ ಬರಬೇಕು. ನೆಟ್ ಬಂದಾಗ ಡೇಟಾ ತಾನೇ ಮೇಲೆ ಹೋಗಲಿ.

ಸಾವಕಾರರ ಅಪ್‌ಡೇಟ್ ಭಯದ ಮಾತಿಗೆ ಮತ್ತೆ ಬರುತ್ತೇನೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ಅಪ್‌ಡೇಟ್ ಫೈಲ್‌ನಿಂದ ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಮಷೀನ್‌ಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಸಾವಕಾರರ ಮಷೀನ್‌ನಲ್ಲಿ ಆ ಸಾಫ್ಟ್‌ವೇರ್ ಇರಲಿಲ್ಲ, ಅವರಿಗೇನೂ ಆಗಲಿಲ್ಲ. ಹಾಗಂತ ಅಪ್‌ಡೇಟೇ ಬೇಡ ಅಂದರೆ ಅದೂ ಉಪಾಯವಲ್ಲ. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಳಿಸಬೇಡಿ ಅನ್ನೋದು ಆ ದಿನದ ಪಾಠ. ನಾನು ಹೊಸ ವರ್ಷನ್ ಮಾಡಿದಾಗ ಮೊದಲು ನನ್ನ ಮಾಮಾನ ಅಂಗಡಿಗೆ ಹಾಕುತ್ತೇನೆ. ಕೆಟ್ಟರೆ ಬೈಗುಳ ಮನೆಯೊಳಗೇ ಉಳಿಯುತ್ತದೆ!

ಇನ್ನೊಂದು ಸುದ್ದಿಯನ್ನು ನಾನು ಆಗಾಗ ಹೊಸಬರಿಗೆ ಹೇಳುತ್ತಿರುತ್ತೇನೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಪೋಸ್ಟ್‌ಗ್ರೆಸ್ (ಇನ್ನೊಂದು ಡೇಟಾಬೇಸ್) ಡೆವಲಪರ್‌ಗೆ ದೂರದ ಮಷೀನ್‌ಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ನಾವಾದರೆ ನೆಟ್ ಸ್ಲೋ ಅಂದುಕೊಂಡು ಸುಮ್ನೆ ಇರುತ್ತಿದ್ದೆವು. ಆತ ಕೆದಕುತ್ತಾ ಹೋದರು. ಎಕ್ಸ್‌ಜೆಡ್ ಅನ್ನೋ ಕಂಪ್ರೆಷನ್ ಲೈಬ್ರರಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಜಿಯಾ ಟಾನ್ ಅನ್ನೋ ಹೆಸರಿನಲ್ಲಿ ಬಂದವರು ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಆಮೇಲೆ ಇಟ್ಟಿದ್ದು ಅದು. ಅವರಿಗೆ ಜಾಗ ಸಿಕ್ಕಿದ್ದು ಯಾಕೆ? ಆ ಲೈಬ್ರರಿಯನ್ನು ವರ್ಷಗಳಿಂದ ಬಹುಪಾಲು ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು, ಬೇಸತ್ತಿದ್ದರು. ಜಗತ್ತಿನ ಎಷ್ಟೋ ಸರ್ವರ್‌ಗಳು ಬಳಸೋ ವಸ್ತು, ನೋಡಿಕೊಳ್ಳೋಕೆ ಒಬ್ಬ ದಣಿದ ಮನುಷ್ಯ. ಹೊಸ ಎಐ ಸ್ಟಾರ್ಟಪ್‌ಗೆ ಸುರಿಯೋ ದುಡ್ಡಿನಲ್ಲಿ ಚೂರುಪಾರು ಇಂಥವರ ಕಡೆ ಹರಿದರೂ ಸಾಕಿತ್ತು ಅಲ್ವಾ?

ಸರಿ, ಎಐ ಬಗ್ಗೆ. ಅದಿಲ್ಲದೆ ಈ ಬರಹವನ್ನು ಯಾರೂ ಲೈಕ್ ಮಾಡಲ್ಲ.

ನಮ್ಮ ಓಣಿಯ ಇಂಜಿನಿಯರಿಂಗ್ ಹುಡುಗ ಒಬ್ಬ ಬಂದಾಗೊಮ್ಮೆ ಕೇಳುತ್ತಾನೆ. "ಅಣ್ಣಾ, ಎಐ ಬಂದ್ ಮ್ಯಾಲ ಕೋಡಿಂಗ್ ಕಲ್ಯೋದು ಖಾಲಿಪೀಲಿ ಟೈಂವೇಸ್ಟ್ ಏನು?" ನಾನು ದಿನಾ ಬಳಸುತ್ತೇನೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಸ ರಿಪೋರ್ಟ್ ಪರದೆ ಬೇಕು ಅಂದರೆ ಚಹಾ ಕುಡಿಯೋದರಲ್ಲಿ ತಯಾರು. ಮೊದಲು ಅದಕ್ಕೆ ಇಡೀ ಮಧ್ಯಾಹ್ನ ಹೋಗುತ್ತಿತ್ತು.

ಆದರೆ ಬೇಳೆ ತೆರಿಗೆಯ ಕಥೆ ಕೇಳಿ. ಒಂದು ದಾಲ್ ಮಿಲ್‌ಗೆ ಬಿಲ್ಲಿಂಗ್ ಭಾಗ ಬರೆಸುತ್ತಿದ್ದೆ. ತೊಗರಿ ಬೇಳೆಗೆ ಜಿಎಸ್‌ಟಿ ಹಾಕು ಅಂತ ಎಐಗೆ ಹೇಳಿದೆ. ಎಲ್ಲ ಬಿಲ್‌ಗೂ 5% ಹಾಕಿ ಚಂದದ ಕೋಡ್ ಕೊಟ್ಟಿತು. ಟೆಸ್ಟ್ ಕೂಡ ತಾನೇ ಬರೆದಿತ್ತು, ಎಲ್ಲ ಪಾಸ್. ಆದರೆ ನಿಯಮ ಹಾಗಿಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಗೆ 5%, ಅದೂ ಪ್ಯಾಕೆಟ್ 25 ಕೆಜಿವರೆಗೆ ಇದ್ದರೆ ಮಾತ್ರ. 30 ಕೆಜಿಯ ಒಂದೇ ಚೀಲಕ್ಕೆ ತೆರಿಗೆ ಇಲ್ಲ. ಅದೇ 10 ಕೆಜಿಯ ಲೇಬಲ್ ಪ್ಯಾಕೆಟ್‌ಗಳನ್ನು ದೊಡ್ಡ ಚೀಲದಲ್ಲಿ ತುಂಬಿದರೆ ತೆರಿಗೆ ಇದೆ. ಮಿಲ್‌ನ ಮುನೀಮರಿಗೆ ಇದು ನಿದ್ದೆಯಲ್ಲೂ ಗೊತ್ತು. ನಿಯಮ ಹೇಳಿದ ಕೂಡಲೇ ಎಐ ಅಚ್ಚುಕಟ್ಟಾಗಿ ತಿದ್ದಿತು, ಅದರಲ್ಲಿ ಮಾತಿಲ್ಲ. ಆದರೆ "ಚೀಲ ಎಷ್ಟು ಕೆಜಿದು?" ಅಂತ ತಾನಾಗಿ ಕೇಳಲಿಲ್ಲ. ಹಮಾಲಿ, ಅಂದರೆ ಮೂಟೆ ಹೊರೋ ಕೂಲಿಯ ಲೆಕ್ಕವೂ ಹಾಗೇ. ಒಬ್ಬರು ಚೀಲಕ್ಕೆ ಹಿಡಿಯುತ್ತಾರೆ, ಪಕ್ಕದ ಅಂಗಡಿಯವರು ಕ್ವಿಂಟಲ್‌ಗೆ. ಇದು ಯಾವ ಇಂಟರ್ನೆಟ್‌ನಲ್ಲೂ ಬರೆದಿಟ್ಟಿಲ್ಲ. ಗಾದಿ ಮೇಲೆ ಕೂತು ಕೇಳಬೇಕು.

ಎಐ ಪರೀಕ್ಷಿಸೋ ಎಂಇಟಿಆರ್ ಅನ್ನೋ ಸಂಸ್ಥೆ 2025ರ ಜುಲೈನಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. 16 ಅನುಭವಿ ಡೆವಲಪರ್‌ಗಳು, ತಾವೇ ವರ್ಷಗಳಿಂದ ನೋಡಿಕೊಂಡ ಪ್ರಾಜೆಕ್ಟ್‌ಗಳಲ್ಲಿ 246 ಕೆಲಸಗಳು. ಎಐ ಬಳಸಿದಾಗ 20% ಬೇಗ ಮುಗಿಸಿದೆವು ಅಂತ ಅವರಿಗೆ ಅನ್ನಿಸಿತ್ತು. ಗಡಿಯಾರ ನೋಡಿದರೆ 19% ತಡ. ಆಗಿನ ಟೂಲ್‌ಗಳು ಹಳೆಯವು, ಈಗಿನವು ಚುರುಕಾಗಿವೆ, ಜನವೂ ಕಡಿಮೆ. ಎಲ್ಲ ಒಪ್ಪಿದೆ. ನನಗೆ ಕುತೂಹಲ ಹುಟ್ಟಿಸಿದ್ದು ಅನ್ನಿಸಿದ್ದಕ್ಕೂ ಆಗಿದ್ದಕ್ಕೂ ನಡುವಿನ ಅಂತರ. ನಮ್ಮ ಹುಡುಗನಿಗೆ ನಾನು ಕೊಟ್ಟ ಉತ್ತರ ಬೇರೆಯೇ. "ಕೋಡಿಂಗ್ ಕಲಿ, ಎಐನೂ ಕಲಿ. ಜನವರಿಯಾಗ ಒಂದ್ ವಾರ ಗಂಜ್‌ನ್ಯಾಗ ನನ್ನ ಜೋಡಿ ಬಂದ್ ಕೂಡು." ಇನ್ನೂ ಬಂದಿಲ್ಲ.

ಕನ್ನಡದ ವಿಷಯವನ್ನೂ ಸೇರಿಸಿಬಿಡುತ್ತೇನೆ. ಎಐ ಈಗ ಕನ್ನಡದಲ್ಲಿ ಪತ್ರ ಬರೆಯುತ್ತೆ, ಕವಿತೆ ಬರೆಯುತ್ತೆ ಅಂತ ಸುದ್ದಿ. ಒಳ್ಳೇದು. ನನ್ನ ಕಷ್ಟ ಬೇರೆ. ಹಳೇ ಅಂಗಡಿಗಳಲ್ಲಿ ರೈತರ ಹೆಸರುಗಳೆಲ್ಲ ಯೂನಿಕೋಡ್‌ಗೂ (ಎಲ್ಲ ಮಷೀನ್‌ಗೂ ಒಂದೇ ಅಕ್ಷರ ಸಂಕೇತ) ಮುಂಚಿನ ಫಾಂಟ್‌ಗಳಲ್ಲಿ ಕೂತಿವೆ. ಆ ಫಾಂಟ್ ಇಲ್ಲದ ಮಷೀನ್‌ನಲ್ಲಿ ತೆರೆದರೆ ಶರಣಪ್ಪ, ಮಹಾದೇವಿ ಎಲ್ಲರೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತನೆ ಮಾಡೋ ಟೂಲ್‌ಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಕಣ್ಣಿಟ್ಟು ನೋಡಬೇಕು. ಹೆಸರು ತಪ್ಪಿದರೆ ರೈತ ಪಟ್ಟಿ ಮುಟ್ಟಲ್ಲ.

ಇನ್ನು ಕೆಲಸದ ಮಾತು. ಗಂಜ್ ಕಡೆಯವರು, ಬೀದರ್, ಯಾದಗಿರಿ ಕಡೆಯ ಅಡತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ವಿಂಡೋಸ್ 10 ಮಷೀನ್‌ಗಳನ್ನು ಹೆಸರುಕಾಳು, ಉದ್ದು ಮಾರುಕಟ್ಟೆಗೆ ಬರೋ ಮೊದಲೇ ಒಮ್ಮೆ ತೋರಿಸಿಕೊಳ್ಳಿ. ಹೆಚ್ಚುವರಿ ಅಪ್‌ಡೇಟ್‌ಗೆ ಹೆಸರು ನೋಂದಾಯಿಸದಿದ್ದರೆ ಈಗಲೇ ಮಾಡಿ. ಬ್ಯಾಂಕ್ ಮತ್ತು ಜಿಎಸ್‌ಟಿ ಕೆಲಸ ಹೊಸ ಮಷೀನ್‌ಗೆ ಒಯ್ಯಿರಿ. ಹಳೇದನ್ನು ನೆಟ್ ತೆಗೆದು ಬರೀ ಪಟ್ಟಿ ಹೊಡೆಯೋಕೆ ಇಟ್ಟುಕೊಳ್ಳಿ, ಇನ್ನೂ ನಾಲ್ಕೈದು ವರ್ಷ ನಡೆದೀತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮಾತ್ರ ಯಾರಿಗೂ ಮಾರಬೇಡಿ. ಹೊಸ ಮಷೀನ್‌ಗೆ ಪ್ಯಾರಲಲ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಕೇಬಲ್ ಸಿಗುತ್ತದೆ, ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾ ಕಡೆ ವಿಚಾರಿಸಿ.