ಕಡಿತವಾದ ಸಂಬಳ ಯಾರ ಜೇಬಿಗೆ?

ಚಳಿಗಾಲದ ಒಂದು ಶನಿವಾರ. ನಾನೀಗ ಬೆಂಬಲಿಸುವ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮೂರು ಗೋಲು ತಿಂದು ಕೂತಿತ್ತು. ಅರವತ್ತನೇ ನಿಮಿಷಕ್ಕೆ ನಮ್ಮ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಆಡುವವನು, ಒಳ್ಳೆ ಜಾಗದಲ್ಲಿ ಸಿಕ್ಕ ಚೆಂಡನ್ನು ಗೋಲಿನ ಮೇಲಿಂದ ಹಾರಿಸಿದ. ಅದು ನಮಗಿಂತ ಮೂರು ಸಾಲು ಕೆಳಗೆ ಬಂದು ಬಿತ್ತು. ಪಕ್ಕದ ಸೀಟಿನ ಅಜ್ಜ ಎದ್ದು ಮಫ್ಲರ್ ಬಿಗಿದುಕೊಂಡರು. ಮೂವತ್ತು ವರ್ಷದಿಂದ ಸೀಸನ್ ಟಿಕೆಟ್ ಬಿಡದವರು. 'ಇವನ ಒಂದು ವಾರದ ಸಂಬಳದಲ್ಲಿ ನನ್ನ ವರ್ಷದ ಪಿಂಚಣಿ ಎಷ್ಟು ಸಲ ಹಿಡಿಸುತ್ತೆ ಗೊತ್ತಾ?' ಎಂದರು.

'ಹಾಗಾದರೆ ಸಂಬಳ ಕಡಿಮೆ ಮಾಡಬೇಕಲ್ವಾ?' ಎಂದೆ.

ನನ್ನನ್ನು ಒಂಥರಾ ನೋಡಿದರು. 'ಸಹಿ ಆಗಿದೆಯಲ್ಲ, ಕೊಡಲೇಬೇಕು. ಓಡಿಸಬೇಕಾದ್ದು ಸಹಿ ಹಾಕಿಸಿದವನನ್ನು.' ಇಷ್ಟು ಹೇಳಿ ಮತ್ತೆ ಕೂತರು. ಮನೆಗೇನೂ ಹೋಗಲಿಲ್ಲ.

ಆ ಮಾತು ನನಗೆ ಅರಗಲು ಸ್ವಲ್ಪ ಸಮಯ ಹಿಡಿಯಿತು. ನಾನು ಐಪಿಎಲ್ ಹರಾಜು ನೋಡಿ ಬಂದವನು. ಅಲ್ಲಿ ಆಟಗಾರನ ಬೆಲೆ ಷೇರು ಮಾರುಕಟ್ಟೆಯ ಹಾಗೆ ಏರಿಳಿಯುತ್ತದೆ, ಅದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಗ್ಲೆನ್ ಮ್ಯಾಕ್ಸ್‌ವೆಲ್‌ನನ್ನೇ ನೋಡಿ. 2020ರಲ್ಲಿ ಪಂಜಾಬ್ ತಂಡ 10.75 ಕೋಟಿ ಕೊಟ್ಟಿತು. 13 ಪಂದ್ಯದಲ್ಲಿ 108 ರನ್, ಒಂದೇ ಒಂದು ಸಿಕ್ಸರ್ ಇಲ್ಲ. ಮರುವರ್ಷ ನಮ್ಮ ಆರ್‌ಸಿಬಿ ಅದೇ ಮನುಷ್ಯನಿಗೆ 14.25 ಕೋಟಿ ಸುರಿದಾಗ ನಾವೆಲ್ಲ ತಲೆ ಚಚ್ಚಿಕೊಂಡಿದ್ದೆವು. ಅವನು 513 ರನ್ ಹೊಡೆದು ನಮ್ಮ ಬಾಯಿ ಮುಚ್ಚಿಸಿದ. 2024ರಲ್ಲಿ ಬ್ಯಾಟಿಗೆ ಚೆಂಡೇ ತಾಗದಂತಾದಾಗ, ನನ್ನ ಬದಲು ಬೇರೆಯವರನ್ನು ಆಡಿಸಿ ಎಂದು ತಾನೇ ನಾಯಕನಿಗೆ ಹೇಳಿ ಪಕ್ಕಕ್ಕೆ ಸರಿದ. ಮುಂದಿನ ಹರಾಜಿನಲ್ಲಿ ಪಂಜಾಬ್‌ಗೇ ವಾಪಸ್, ಈ ಸಲ 4.2 ಕೋಟಿಗೆ. ಕೆಟ್ಟದಾಗಿ ಆಡಿದ ಒಂದು ವರ್ಷದ ನಂತರ ಬೆಲೆ ಏರಿತು, ಇನ್ನೊಂದರ ನಂತರ ಇಳಿಯಿತು. ಆದರೆ ನಡು ಸೀಸನ್‌ನಲ್ಲಿ ಬಂದು 'ನೀನು ಸರಿಯಾಗಿ ಆಡುತ್ತಿಲ್ಲ, ಅರ್ಧ ಬಿಟ್ಟುಕೊಡು' ಎಂದು ಯಾರೂ ಕೇಳಲಿಲ್ಲ.

ಫುಟ್‌ಬಾಲ್‌ನಲ್ಲಿ ಹರಾಜಿಲ್ಲ, ದೀರ್ಘ ಒಪ್ಪಂದವಿದೆ. ಫಿಫಾ ನಿಯಮ ಸಾಮಾನ್ಯವಾಗಿ ಐದು ವರ್ಷದವರೆಗೆ ಬಿಡುತ್ತದೆ, ಸಕಾರಣವಿಲ್ಲದೆ ನಡುವೆ ಮುರಿಯಲು ಬಿಡುವುದಿಲ್ಲ. ಆಟಗಾರನ ಫಾರ್ಮ್ ಹೋಯಿತು ಎಂಬುದು ಸಕಾರಣದ ಪಟ್ಟಿಗೆ ಬರುವುದಿಲ್ಲ. ಹಾಗಾಗಿಯೇ ವಿನ್‌ಸ್ಟನ್ ಬೊಗಾರ್ಡೆಯಂಥ ಕಥೆಗಳು ಹುಟ್ಟುವುದು. ಈ ಡಚ್ ಆಟಗಾರನನ್ನು 2000ದಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ ನಾಲ್ಕು ವರ್ಷಕ್ಕೆ ಕರೆತಂದಿತು, ವಾರಕ್ಕೆ ಸುಮಾರು 40,000 ಪೌಂಡ್. ಲೀಗ್‌ನಲ್ಲಿ ಆಡಿದ್ದು ಒಂಬತ್ತೇ ಪಂದ್ಯ. ಬಿಟ್ಟು ಹೋಗು ಎಂದರೂ ಹೋಗಲಿಲ್ಲ, ಅಭ್ಯಾಸಕ್ಕೆ ಬಂದು, ಒಪ್ಪಂದ ಮುಗಿಸಿಕೊಂಡೇ ಹೊರಟ. ದುರಾಸೆ ಎಂದು ಊರೆಲ್ಲ ಬೈಯಿತು. ನಾನೂ ಬೈಯುತ್ತಿದ್ದೆನೇನೋ. ಆದರೆ ಆ ಕಾಗದ ಬರೆದದ್ದು ಕ್ಲಬ್ಬು, ಬೊಗಾರ್ಡೆಯಲ್ಲ.

ಇಲ್ಲಿನ ಹಳಬರು ಒಪ್ಪಂದಕ್ಕೆ ಇಷ್ಟು ಬೆಲೆ ಕೊಡುವುದಕ್ಕೆ ಇತಿಹಾಸದ ಕಾರಣವೂ ಇದೆ. 1961ರ ಜನವರಿಯವರೆಗೆ ಇಂಗ್ಲೆಂಡಿನಲ್ಲಿ ಎಂಥ ದೊಡ್ಡ ಆಟಗಾರನಿಗೂ ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಸಾವಿರಾರು ಜನ ಟಿಕೆಟ್ ಕೊಂಡು ಬರುತ್ತಿದ್ದರು, ದುಡ್ಡು ಮಾಲೀಕರ ಬಳಿ ಉಳಿಯುತ್ತಿತ್ತು. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ ಆ ಮಿತಿ ಹೋಯಿತು. ಅದೇ ವರ್ಷ ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲಿಗನಾದ.

ನನಗೆ ಇದರಲ್ಲಿ ನಿಜವಾಗಿ ಕಾಡುವ ಪ್ರಶ್ನೆ ಇದು: ಕಡಿತವಾದ ದುಡ್ಡು ಎಲ್ಲಿಗೆ ಹೋಗುತ್ತದೆ? 'ಆಡಲಿಲ್ಲ, ಸಂಬಳ ಕಿತ್ತುಕೊಳ್ಳಿ' ಎಂದು ಕೂಗುವವರು ಅದು ತಮ್ಮ ಪರವಾದ ಬೇಡಿಕೆ ಎಂದುಕೊಂಡಿದ್ದಾರೆ. ಸಂಬಳ ಇಳಿಯಿತೆಂದು ಮುಂದಿನ ವರ್ಷದ ಟಿಕೆಟ್ ಬೆಲೆ ಇಳಿಸಿದ ಕ್ಲಬ್ ನನ್ನ ಕಣ್ಣಿಗಂತೂ ಬಿದ್ದಿಲ್ಲ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ, ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಆಟಗಾರರು 12.5% ಕಡಿತಕ್ಕೆ ಒಪ್ಪಿದರು. ಮೆಸುತ್ ಓಜಿಲ್ ಒಪ್ಪಲಿಲ್ಲ. ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆಂದು ಮೊದಲು ಹೇಳಿ ಎಂದ. ಅವನ ಫಾರ್ಮ್ ಮಂಕಾಗಿದ್ದ ಕಾಲ ಬೇರೆ, ಸಂಬಳವೋ ತಂಡದಲ್ಲೇ ಅತಿ ಹೆಚ್ಚು. ಎಲ್ಲರೂ ಛೀಮಾರಿ ಹಾಕಿದರು. ನಾಲ್ಕೇ ತಿಂಗಳಲ್ಲಿ ಕ್ಲಬ್ 55 ನೌಕರರನ್ನು ಮನೆಗೆ ಕಳಿಸುವ ಯೋಜನೆ ಪ್ರಕಟಿಸಿತು. ಪಂದ್ಯದ ದಿನ ಕ್ಲಬ್ಬಿನ ಡೈನೋಸಾರ್ ವೇಷ ಹಾಕಿ ಮಕ್ಕಳನ್ನು ನಗಿಸುತ್ತಿದ್ದ ವ್ಯಕ್ತಿಯ ಕೆಲಸಕ್ಕೂ ಕತ್ತರಿ ಬಿತ್ತೆಂದು ಸುದ್ದಿಯಾದಾಗ, ನಾನಿಲ್ಲಿ ಇರುವವರೆಗೆ ಆ ಸಂಬಳ ನಾನು ಕೊಡುತ್ತೇನೆ ಎಂದು ಮುಂದೆ ಬಂದದ್ದು ಅದೇ ಓಜಿಲ್. ಅದರಲ್ಲಿ ಕ್ಲಬ್ಬಿಗೆ ಕುಟುಕುವ ಕಿಲಾಡಿತನವೂ ಇತ್ತೆನ್ನಿ. ಆದರೂ ಅವನ ಮೊದಲ ಪ್ರಶ್ನೆ ಸರಿಯಾಗೇ ಇತ್ತು.

ದುಡ್ಡು ಪ್ರೇಕ್ಷಕನ ಕಡೆ ತಿರುಗಿದ ಉದಾಹರಣೆಗಳೂ ಇವೆ. 2009ರಲ್ಲಿ ವಿಗನ್ ತಂಡ ಟಾಟನ್‌ಹ್ಯಾಮ್ ವಿರುದ್ಧ 9-1ರಿಂದ ಸೋತಾಗ, ಅಷ್ಟು ದೂರ ಬಂದಿದ್ದ ಅಭಿಮಾನಿಗಳ ಟಿಕೆಟ್ ದುಡ್ಡನ್ನು ಆಟಗಾರರೇ ಕೈಯಿಂದ ವಾಪಸ್ ಕೊಟ್ಟರು. 2023ರ ಏಪ್ರಿಲ್‌ನಲ್ಲಿ ನ್ಯೂಕಾಸಲ್‌ನಲ್ಲಿ 21 ನಿಮಿಷಕ್ಕೇ ಐದು ಗೋಲು ತಿಂದ ಟಾಟನ್‌ಹ್ಯಾಮ್ ಆಟಗಾರರಿಗೂ ಅದೇ ಗತಿ, ಅವರೂ ಟಿಕೆಟ್ ಹಣ ಹಿಂದಿರುಗಿಸಿದರು. ಇದು ಮರ್ಯಾದೆಯ ಲೆಕ್ಕ. ಮಾಲೀಕನ ಪುಸ್ತಕಕ್ಕೆ ಬರುವ ಲೆಕ್ಕವಲ್ಲ.

ಸ್ವಂತ ಮನಸ್ಸಿನಿಂದ ಕಡಿಮೆಗೆ ಆಡಿದವರನ್ನು ನಾನೂ ಮೆಚ್ಚುತ್ತೇನೆ. ಇಟಲಿಯ ದಾಮಿಯಾನೊ ತೊಮ್ಮಾಸಿ ರೋಮಾ ತಂಡದಲ್ಲಿದ್ದಾಗ ಮೊಣಕಾಲು ಚೂರು ಮಾಡಿಕೊಂಡ. 2005ರಲ್ಲಿ ಒಪ್ಪಂದ ಮುಗಿದಾಗ, ತಿಂಗಳಿಗೆ 1,500 ಯೂರೋ ಸಾಕು, ಮತ್ತೆ ಆಡಬಲ್ಲೆನೇ ಎಂದು ನೋಡೋಣ ಎಂದು ಸಹಿ ಹಾಕಿದ. ಗಮನಿಸಿ, ಹಳೆಯ ಒಪ್ಪಂದ ಪೂರ್ತಿ ಮುಗಿದ ಮೇಲೆ. ಇದೇ ಮನುಷ್ಯ ಮುಂದೆ ಇಟಲಿಯ ಆಟಗಾರರ ಸಂಘದ ಅಧ್ಯಕ್ಷನೂ ಆದ.

ಕ್ಲಬ್ಬುಗಳಿಗೆ ದಾರಿಯಿಲ್ಲವೇ? ಇದೆ. ತಂಡ ಪಟ್ಟಿಯ ತಳದಲ್ಲಿ ಉಳಿದು ಕೆಳಗಿನ ಡಿವಿಜನ್‌ಗೆ ಬಿದ್ದರೆ ಸಂಬಳ ಇಷ್ಟು ಇಳಿಯುತ್ತದೆ, ಇಷ್ಟು ಪಂದ್ಯ ಆಡಿದರೆ ಇಷ್ಟು ಹೆಚ್ಚು ಎಂದು ಮೊದಲೇ ಬರೆಸಿಕೊಳ್ಳಬಹುದು, ಬಹಳ ಕಡೆ ಬರೆಸುತ್ತಾರೆ ಕೂಡ. ಸಂಡರ್‌ಲ್ಯಾಂಡ್ ತಂಡ 2017ರಲ್ಲಿ ಹಾಗೆ ಬಿತ್ತು, 2018ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ಆಗ ಅವರ ಒಬ್ಬ ಮಿಡ್‌ಫೀಲ್ಡರ್‌ಗೆ ವಾರಕ್ಕೆ 70,000 ಪೌಂಡ್ ಹೋಗುತ್ತಿತ್ತು, ಒಪ್ಪಂದದಲ್ಲಿ ಆ ಒಂದು ಸಾಲೇ ಇರಲಿಲ್ಲ ಎಂದು ವರದಿಯಾಗಿತ್ತು. ಬರೆಯುವಾಗ ಮೈಮರೆತು, ಆಮೇಲೆ ಆಟಗಾರನ ನೈತಿಕತೆಗೆ ಕೈ ಹಾಕುವುದು ಕುಣಿಯಲಾರದವರು ನೆಲ ಡೊಂಕು ಎಂದ ಹಾಗೆ.

ಇಷ್ಟಕ್ಕೂ ಕೆಟ್ಟ ಆಟ ಎಂದರೇನು? ಕೋಚ್ ಎಡಗಾಲಿನವನನ್ನು ಬಲಗಡೆ ನಿಲ್ಲಿಸಿ ಆಡಿಸಿದರೆ ಯಾರ ಸಂಬಳ ಕತ್ತರಿಸೋಣ?

2025ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಹೊಸ ಸೀಸನ್‌ನ ಮೊದಲ ದಿನಗಳಲ್ಲಿ, ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಹೇಳಿಕೆ ಹೊರಡಿಸಿದ್ದನ್ನು ಅಜ್ಜನಿಗೆ ಫೋನಿನಲ್ಲಿ ತೋರಿಸಿದೆ. ಅಲ್ಲಿ ಭಾರತದ ಫುಟ್‌ಬಾಲ್ ಲೀಗ್ ನಡೆಯುತ್ತದೋ ಇಲ್ಲವೋ ಎಂಬುದೇ ಆಗ ಗೊತ್ತಿರಲಿಲ್ಲ. ಕನ್ನಡಕ ಮೇಲೆ ಸರಿಸಿ ಎರಡು ಸಲ ಓದಿದರು.

'ಅಷ್ಟು ಕೆಟ್ಟದಾಗಿ ಆಡಿದರಾ?' ಎಂದು ಕೇಳಿದರು.

'ಇಲ್ಲ,' ಎಂದೆ. 'ಏಪ್ರಿಲ್‌ನಲ್ಲಿ ಫೈನಲ್ ಆಡಿದ್ದರು.'